ಸದ್ದು ಮಾಡದ ಡಬ್ಬಿ

ಆರೋಗ್ಯ ಕೇಂದ್ರದ ಆ ಕಾರಿಡಾರು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಅದು ನಿಜಕ್ಕಿಂತ ಉದ್ದ, ನಿಜಕ್ಕಿಂತ ನಿಶ್ಶಬ್ದ. ಗೋಡೆಯ ಮೇಲಂಚಿನಲ್ಲಿ ಗಾಜಿನ ಇಟ್ಟಿಗೆಗಳ ಸಾಲಿತ್ತು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಅವುಗಳ ಮೂಲಕ ಬಿಸಿಲು ಇಳಿದು ನೆಲದ ಮೇಲೆ ಚೌಕಚೌಕವಾಗಿ ಬೀಳುತ್ತಿತ್ತು. ಬರುವ ಹೆಂಗಸರು ಆ ಚೌಕಗಳನ್ನು ತುಳಿಯುತ್ತಿರಲಿಲ್ಲ. ನೀರು ನಿಂತಿದೆಯೇನೋ ಎಂಬಂತೆ ಪಕ್ಕಕ್ಕೆ ಕಾಲಿಟ್ಟು ದಾಟುತ್ತಿದ್ದರು. ಹಾಗೆ ನಡೆಯಿರಿ ಎಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಕಾರಿಡಾರಿನ ನಟ್ಟನಡುವೆ ನನ್ನ ಮೇಜು. ಹತ್ತೊಂಬತ್ತು ವರ್ಷ ನಾನು ಅಲ್ಲಿ ಕೂತು ಕಾರ್ಡು ಬರೆದೆ. ಎಲ್ಲರೂ ನನ್ನನ್ನು ಕಾರ್ಡಮ್ಮ ಎನ್ನುತ್ತಿದ್ದರು. ಬಲಗಡೆಯ ತುದಿಗೆ ಒಂಬತ್ತನೇ ಕೋಣೆ. ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೋಣೆ ಅದು. ಅಲ್ಲಿಗೆ ಹಸಿರು ಕಾರ್ಡು. ಎಡಗಡೆಯ ತುದಿಗೆ ಎರಡನೇ ಕೋಣೆ, ಕುಟುಂಬ ಯೋಜನೆಯದು. ಅಲ್ಲಿಗೆ ಬಿಳಿ ಕಾರ್ಡು. ಈ ತುದಿಯಿಂದ ಆ ತುದಿಗೆ ನಲವತ್ತೆರಡು ಹೆಜ್ಜೆ. ಆದರೆ ಒಂಬತ್ತರಿಂದ ಹೊರಬಂದ ಹೆಂಗಸು ಆ ನಲವತ್ತೆರಡು ಹೆಜ್ಜೆ ನಡೆದು ಎರಡಕ್ಕೆ ಹೋದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಅವರು ಸುತ್ತು ಹಾಕುತ್ತಿದ್ದರು. ಒಂಬತ್ತರ ಪಕ್ಕದ ಹಿಂಬಾಗಿಲಿನಿಂದ ಬೀದಿಗೆ ಇಳಿದು, ಔಷಧಿ ಅಂಗಡಿ, ಕನ್ನಡಿ ಅಂಗಡಿ, ಚಪ್ಪಲಿ ಹೊಲಿಯುವವನ ಕಟ್ಟೆ ಎಲ್ಲ ದಾಟಿ, ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದರು, ಆಗಷ್ಟೇ ಮನೆಯಿಂದ ಹೊರಟು ಬಂದವರ ಹಾಗೆ. ಕೆಲವರು ನಡುದಾರಿಯಲ್ಲಿ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಳ್ಳುತ್ತಿದ್ದರು. ಕನ್ನಡಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ಮುಖವನ್ನೂ ಬದಲಾಯಿಸಿಕೊಳ್ಳುತ್ತಿದ್ದರೇನೋ. ನನ್ನ ಮೇಜಿನ ಮುಂದೆ ಬಂದು, ಅರ್ಧ ಗಂಟೆ ಹಿಂದಷ್ಟೇ ನನ್ನ ಕೈಯಲ್ಲಿ ಹಸಿರು ಕಾರ್ಡಿಗೆ ಮೊಹರು ಹಾಕಿಸಿಕೊಂಡವರು, ‘ನಮಸ್ಕಾರ’ ಎಂದು ಹೊಸದಾಗಿ ಕೈಮುಗಿಯುತ್ತಿದ್ದರು. ನಾನೂ ಹೊಸದಾಗಿ ಕೈಮುಗಿಯುತ್ತಿದ್ದೆ. ಅದೇ ದೊಡ್ಡ ಉಪಕಾರವೆಂದು ಆಗ ನನಗೆ ಅನಿಸುತ್ತಿತ್ತು.

ಹಾಗೆ ಸುತ್ತು ಹಾಕುತ್ತಿದ್ದವರಲ್ಲಿ ಹೊಲಿಗೆಯವಳು ಒಬ್ಬಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರು ಜೋಡಿಸುವ ಕೆಲಸ. ಮೂವತ್ತರ ಆಸುಪಾಸು. ಎಡಗೈಯ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಮಾತಿಗೆ ಮುಂಚೆ ನಗು. ಆರು ವರ್ಷದಿಂದ ಒಂಬತ್ತಕ್ಕೆ ಬರುತ್ತಿದ್ದಳು, ಒಂದು ತಿಂಗಳೂ ತಪ್ಪಿಸಿದವಳಲ್ಲ. ಮೂರು ತಿಂಗಳಿಗೊಮ್ಮೆ ಸುತ್ತು ಹಾಕಿ ಎರಡಕ್ಕೂ ಬಂದು ಮಗು ಆಗದ ಹಾಗೆ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದಳು. ಬಿಳಿ ಕಾರ್ಡಿನಲ್ಲಿ ಮಾತ್ರ ಅವಳ ಹೆಸರಿರಲಿಲ್ಲ, ತಂಗಿಯ ಹೆಸರಿತ್ತು. ಎರಡೂ ಕಾರ್ಡು ಬರೆದ ಕೈ ನನ್ನದೇ. ಬರೆದೆ, ಸುಮ್ಮನಿದ್ದೆ.

ಅವಳ ಗಂಡ ಎಲೆಕ್ಟ್ರಿಷಿಯನ್. ಅವನಿಗೆ ಎಲ್ಲ ಗೊತ್ತಿತ್ತು. ಅವನಿಗೆ ಆ ಸೋಂಕಿರಲಿಲ್ಲ. ಗೊತ್ತಿಲ್ಲದಿದ್ದದ್ದು ಅತ್ತೆಗೆ. ಒಂದೇ ಮನೆ, ಎರಡೇ ಕೋಣೆ.

“ನಮ್ಮತ್ತೆ ಕಿವಿ ನಿಮಗೆ ಗೊತ್ತಿಲ್ಲ ಕಾರ್ಡಮ್ಮ,” ಎಂದಿದ್ದಳು ಒಮ್ಮೆ. “ಸೊಳ್ಳೆ ಕೆಮ್ಮಿದ್ರೂ ಎದ್ದು ಕೂತು ‘ಯಾರಿಗೆ ನೆಗಡಿ’ ಅಂತ ಕೇಳ್ತಾರೆ.”

ಅದಕ್ಕೇ ಅವಳು ಮಾತ್ರೆ ಡಬ್ಬಿಗೆ ಹತ್ತಿ ತುಂಬುತ್ತಿದ್ದಳು. ಮೂವತ್ತು ಮಾತ್ರೆಯ ಬಿಳಿ ಪ್ಲಾಸ್ಟಿಕ್ ಡಬ್ಬಿ. ಸುಮ್ಮನೆ ಚೀಲದಲ್ಲಿಟ್ಟರೆ ಹೆಜ್ಜೆ ಹೆಜ್ಜೆಗೂ ಗಿಲಿಗಿಲಿ ಎನ್ನುತ್ತದೆ. ಒಂಬತ್ತರ ಹೆಂಗಸರೆಲ್ಲರೂ ಕೋಣೆಯಿಂದ ಹೊರಬರುವ ಮುಂಚೆ ಬಾಗಿಲ ಮರೆಯಲ್ಲಿ ನಿಂತು ಹತ್ತಿ ತುರುಕುವುದು ವಾಡಿಕೆ. ಹತ್ತಿ ಮರೆತು ಬಂದವಳಿಗೆ ಪಕ್ಕದವಳು ತನ್ನದರಲ್ಲಿ ಅರ್ಧ ಹರಿದು ಕೊಡುತ್ತಿದ್ದಳು. ಕೊಟ್ಟವಳೂ ತೆಗೆದುಕೊಂಡವಳೂ ಮುಖ ನೋಡಿಕೊಳ್ಳುತ್ತಿರಲಿಲ್ಲ. ಮೋಡದ ಚೂರು ಕೈಯಿಂದ ಕೈಗೆ ದಾಟಿದಂತೆ ಕಾಣುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಎರಡನೇ ಕೋಣೆಯ ಚಾವಣಿಯ ಗಾರೆ ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಕೋಣೆಯ ಸಿಸ್ಟರ್ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಹೊರಬಂದು, “ನನಗೂ ವಯಸ್ಸಾಯ್ತು ನೋಡಿ, ಒಂದೇ ನಿಮಿಷದಲ್ಲಿ ಕೂದಲೆಲ್ಲ ನೆರೆತುಹೋಯ್ತು,” ಎಂದಳು. ಚಿಕ್ಕ ಮೈ, ಚುರುಕು ಕಾಲು, ನಿಲ್ಲದ ಮಾತು. ನಾವೆಲ್ಲ ಅವಳನ್ನು ಗುಬ್ಬಿ ಸಿಸ್ಟರ್ ಎನ್ನುತ್ತಿದ್ದೆವು. ರಿಪೇರಿ ಆಗುವವರೆಗೆ ಅವಳಿಗೆ ಒಂದು ಜಾಗ ಬೇಕಿತ್ತು. ಖಾಲಿ ಇದ್ದದ್ದು ಒಂಬತ್ತನೇ ಕೋಣೆಯ ಕಿಟಕಿ ಮೂಲೆ ಒಂದೇ.

ಒಂಬತ್ತರ ದೊಡ್ಡ ಸಿಸ್ಟರಿಗೆ ಇದು ಹಿಡಿಸಲಿಲ್ಲ. ಅವರು ಕೆಟ್ಟವರಲ್ಲ. ಒಂದು ಮಾತ್ರೆ ಕಮ್ಮಿಯಾದರೂ ಊಟ ಸೇರದ ಜೀವ. “ನಮ್ಮದು ಮಾತ್ರೆ ಕೊಡೋ ಜಾಗ. ಇಲ್ಲಿ ನಿನ್ನ ಲೂಪು, ಗುಳಿಗೆ, ಚುಚ್ಚುಮದ್ದು ಎಲ್ಲ ತಂದು ಸಂತೆ ಮಾಡಬೇಡ,” ಎಂದರು.

“ನಾನು ಸಂತೆ ಮಾಡಲ್ಲ ಅಕ್ಕ, ಮೂಲೇಲಿ ಮುದುರಿಕೊಂಡು ಕೂತಿರ್ತೀನಿ,” ಎಂದಳು ಗುಬ್ಬಿ. ನಾಲ್ಕು ಜನ ಸೇರಿ ಅವಳ ಮೇಜನ್ನು ಹೊತ್ತು, ಬಾಗಿಲಲ್ಲಿ ಓರೆ ಮಾಡಿ, ಒಳಗೆ ತಂದರು. ನಡುವೆ ಒಂದು ತಿಳಿನೀಲಿ ಪರದೆ ಕಟ್ಟಿದರು. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದಾಗ ಗುಬ್ಬಿಯ ನೆರಳು ದೊಡ್ಡದಾಗಿ ಕಾಣುತ್ತಿತ್ತು. ಬಾತುಕೋಳಿಯಷ್ಟಾದರೂ ಆಗಿದ್ದೀಯ ಎಂದು ದೊಡ್ಡ ಸಿಸ್ಟರ್ ಮೊದಲ ಬಾರಿಗೆ ನಕ್ಕರು.

ಗುಬ್ಬಿ ಮುದುರಿಕೊಂಡು ಕೂರಲಿಲ್ಲ. ಮಾತ್ರೆ ತೆಗೆದುಕೊಂಡು ಹೊರಡುವ ಪ್ರತಿ ಹೆಂಗಸನ್ನೂ ಪರದೆಯ ಈಚೆಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಮುಂದಿನ ಒಂದು ವರ್ಷದಲ್ಲಿ ಮಗು ಬೇಕು ಅಂತ ಇದ್ದೀಯಾ, ಬೇಡ ಅಂತ ಇದ್ದೀಯಾ, ಇನ್ನೂ ಗೊತ್ತಿಲ್ವಾ? ಆರೋಗ್ಯ ಕೇಂದ್ರದಲ್ಲಿ ಎಷ್ಟೋ ಪ್ರಶ್ನೆ ಕೇಳಿಸಿಕೊಂಡು ಬಂದ ಹೆಂಗಸರು ಈ ಪ್ರಶ್ನೆಗೆ ಬಾಯಿ ತೆರೆದು ಕೂತುಬಿಡುತ್ತಿದ್ದರು. ಒಬ್ಬಳು ಎದ್ದು ಹೋಗಿ, ಬೀದಿ ತುದಿಯವರೆಗೆ ನಡೆದು, ಹಿಂದಿರುಗಿ ಬಂದು, “ಬೇಡ,” ಎಂದು ಹೇಳಿ ಮತ್ತೆ ಹೊರಟುಹೋದಳು. ಗುಬ್ಬಿ ಅವಳನ್ನು ಬಾಗಿಲಲ್ಲೇ ಹಿಡಿದು ಕರೆತಂದಳು.

ಮೂರನೇ ವಾರ ಹೊಲಿಗೆಯವಳ ಸರದಿ ಬಂತು.

ನಮ್ಮಲ್ಲಿ ಒಂದು ಕ್ರಮವಿತ್ತು. ಹೊಸ ಡಬ್ಬಿ ಬೇಕೆಂದರೆ ಹಳೆಯದನ್ನು ತಂದು ನನ್ನ ಮೇಜಿನ ತಟ್ಟೆಯಲ್ಲಿಡಬೇಕು. ಆರು ವರ್ಷ ಅವಳ ಖಾಲಿ ಡಬ್ಬಿ ನನ್ನ ಕೈದಾಟಿ ಹೋಗಿದೆ. ಒಳಗೆ ಹತ್ತಿ, ಹತ್ತಿಯ ತೂಕ ಎಂದರೆ ಏನೂ ಇಲ್ಲ. ಅವತ್ತು ಅವಳು ಡಬ್ಬಿ ಇಟ್ಟಳು, ನಾನು ಎತ್ತಿಕೊಂಡೆ, ನನ್ನ ಅಂಗೈಗೆ ಏನೋ ತಿಳಿಯಿತು. ಸದ್ದು ಇರಲಿಲ್ಲ. ತೂಕ ಇತ್ತು.

ತಲೆಯೆತ್ತಿ ನೋಡಿದೆ. ಅವಳು ಬಿಸಿಲಿನ ಚೌಕವೊಂದರ ಒಳಗೆ ನಿಂತಿದ್ದಳು. ಅಷ್ಟು ವರ್ಷದಲ್ಲಿ ಯಾರೂ ನಿಲ್ಲದ ಜಾಗ. ಕಾಲ ಕೆಳಗೆ ಏನಿದೆ ಎಂಬ ಎಚ್ಚರವಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು, ತನಗೆ ಗೊತ್ತಿಲ್ಲದೆ ಇಟ್ಟುಕೊಂಡ ಹಾಗೆ.

ಹಿಂದೆ ಹನ್ನೆರಡು ಹದಿಮೂರು ಜನ ಸಾಲಿನಲ್ಲಿದ್ದರು. “ನಿನ್ನ ಕಾರ್ಡಿನಲ್ಲಿ ಒಂದು ಸಾಲು ಅಳಿಸಿಹೋಗಿದೆ ನೋಡು,” ಎಂದು ಸುಳ್ಳು ಹೇಳಿದೆ. “ಒಳಗೆ ಬಾ, ಸಿಸ್ಟರನ್ನೇ ಕೇಳಿ ಬರ್ಕೊಳ್ಳೋಣ.” ಡಬ್ಬಿಯನ್ನು ಸೆರಗಿನ ಕೆಳಗೆ ಹಿಡಿದುಕೊಂಡೆ. ಅವಳು ಹಿಂದೆ ಬಂದಳು.

ದೊಡ್ಡ ಸಿಸ್ಟರ್ ಡಬ್ಬಿ ತೆರೆದರು. ಹತ್ತಿ ಎಳೆದರು. ಅದರ ಕೆಳಗೆ ಇನ್ನೊಂದು ಪದರ ಹತ್ತಿ. ಅದರೊಳಗೆ ಗೂಡಿನಲ್ಲಿಟ್ಟ ಮೊಟ್ಟೆಗಳ ಹಾಗೆ ಮಾತ್ರೆಗಳು. ತಟ್ಟೆಯ ಮೇಲೆ ಒಂದೊಂದಾಗಿ ಸರಿಸಿದರು. ಹನ್ನೆರಡು.

“ಹನ್ನೆರಡು ದಿನ!” ದೊಡ್ಡ ಸಿಸ್ಟರ್ ಮುಖ ಕೆಂಪಾಯಿತು. “ಆರು ವರ್ಷ ಒಂದು ದಿನ ತಪ್ಪಿಸದವಳು ನೀನು. ಏನು ಬಂದಿದೆ ನಿನಗೆ? ಮಾತ್ರೆ ಬಿಟ್ರೆ ಆ ವೈರಸ್ಸು ಸುಮ್ನೆ ಕೂತಿರುತ್ತಾ? ಮೈಯೆಲ್ಲ ತುಂಬ್ಕೊಳ್ಳತ್ತೆ. ಮಾತ್ರೆಗೂ ಬಗ್ಗದ ಹಾಗೆ ಆಗ್ಬಿಟ್ರೆ ನಾನೇನು ಮಾಡ್ಲಿ?”

ಅವಳು ತೋರುಬೆರಳಿನ ಚುಕ್ಕೆಗಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡಳು.

ಪರದೆ ಸರಿಯಿತು. “ಅಕ್ಕಾ, ಒಂದು ನಿಮಿಷ,” ಎಂದಳು ಗುಬ್ಬಿ. ಅಪರೂಪಕ್ಕೆ ಎರಡೇ ಮಾತು. ಹೊಲಿಗೆಯವಳ ಮೊಣಕೈ ಹಿಡಿದು ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿದಳು. ಮುಖ ಕಂಡದ್ದೇ ತಡ, ಗುಬ್ಬಿಯ ಹುಬ್ಬು ಮೇಲೇರಿತು. ಈ ಮುಖಕ್ಕೆ ಅವಳು ಮೂರು ತಿಂಗಳಿಗೊಮ್ಮೆ ಬೇರೆ ಹೆಸರಿನಲ್ಲಿ ಚುಚ್ಚುಮದ್ದು ಕೊಟ್ಟಿದ್ದಳಲ್ಲ. ಆದರೆ ಅದನ್ನು ಎತ್ತಲಿಲ್ಲ. “ನಿನ್ನನ್ನ ನೋಡಿ ಬಹಳ ದಿನ ಆಯ್ತು. ಎಲ್ಲಿಗೆ ಹೋಗಿದ್ದೆ?” ಎಂದಷ್ಟೇ ಕೇಳಿದಳು.

“ಚುಚ್ಚುಮದ್ದು ಬಿಟ್ಟೆ ಸಿಸ್ಟರ್. ಏಳೆಂಟು ತಿಂಗಳಾಯ್ತು.” ದನಿ ಕಾಲರಿನೊಳಗೆ ಹೊಲಿದುಕೊಂಡಂತೆ ಒಳಗೇ ಇತ್ತು. “ಎರಡು ಸಲ ಮುಟ್ಟಾದೆ. ಆಮೇಲೆ ನಿಂತಿದೆ. ಐವತ್ತು ದಿನದ ಮೇಲಾಯ್ತು.”

“ಅದಕ್ಕೆ ಮಾತ್ರೆ ಬಿಟ್ಟೆಯಾ?”

“ಇಷ್ಟು ಜೋರಿನ ಮಾತ್ರೆ. ನಾನೇ ಮೊದಮೊದಲು ತಡ್ಕೊಳ್ಳೋಕೆ ಆಗಿರಲಿಲ್ಲ. ಅಷ್ಟು ಸಣ್ಣದು ಹೇಗೆ ತಡ್ಕೊಳ್ಳತ್ತೆ? ನನಗೇನಾದ್ರೂ ಆಗ್ಲಿ, ಅದಕ್ಕೆ ಏನೂ ಆಗಬಾರ್ದು ಅಂತ…”

“ಇಲ್ಲಿ ಯಾಕೆ ಕೇಳಲಿಲ್ಲ?” ಎಂದರು ದೊಡ್ಡ ಸಿಸ್ಟರ್ ಪರದೆಯ ಆಚೆಯಿಂದ.

“ಹೇಗೆ ಕೇಳ್ಲಿ? ಇಲ್ಲಿ ಹೇಳಿದ್ರೆ, ಈ ಕಾಯಿಲೆ ಇಟ್ಕೊಂಡು ಮಗು ಆಸೆ ಬೇರೆ ಅಂತ ಬೈತೀರಿ. ಅಲ್ಲಿ ಹೇಳಿದ್ರೆ ಒಂಬತ್ತರದ್ದು ಗೊತ್ತಾಗತ್ತೆ. ನಡುವೆ ಕಾರ್ಡಮ್ಮ ಕೂತಿರ್ತಾರೆ, ಅವರೂ ಏನೂ ಕೇಳಲ್ಲ.”

ಕೊನೆಯ ಮಾತನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಅದು ನನ್ನೊಳಗೆ ಸೂಜಿಯ ಹಾಗೆ ಹೋಗಿ ಅಲ್ಲೇ ಉಳಿಯಿತು.

ಗುಬ್ಬಿ ಮೂತ್ರದ ಪರೀಕ್ಷೆಗೆ ಒಂದು ಲೋಟ ಕೊಟ್ಟು ಕಳಿಸಿದಳು. ತಂದ ಮೇಲೆ ಪಟ್ಟಿಯ ಮೇಲೆ ಮೂರು ಹನಿ ಬಿಟ್ಟು ಗಡಿಯಾರ ನೋಡಿದಳು. ಐದು ನಿಮಿಷ.

ಆ ಐದು ನಿಮಿಷ ನನಗೆ ಇವತ್ತಿಗೂ ಮುಗಿದಿಲ್ಲ. ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ನೀಲಿ ಪರದೆ ಉಸಿರು ತೆಗೆದುಕೊಂಡಂತೆ ಉಬ್ಬಿ ಇಳಿಯುತ್ತಿತ್ತು. ನಮ್ಮೆಲ್ಲರ ಮುಖವೂ ನೀರಿನ ತಳದಲ್ಲಿ ಕೂತವರ ಮುಖದ ಹಾಗೆ ತಿಳಿನೀಲಿಯಾಗಿತ್ತು. ಹೊಲಿಗೆಯವಳು ಯಾರೂ ಕೇಳದೆ ಮಾತಾಡತೊಡಗಿದಳು.

“ಒಂದೇ ಕನಸು ಬರತ್ತೆ. ನಾನು ಮೆಷಿನ್ ಮುಂದೆ ಕೂತಿದ್ದೀನಿ. ಇಷ್ಟೇ ಇಷ್ಟು ಅಂಗಿ ಹೊಲೀತಿದ್ದೀನಿ. ಕಾಲರ್ ನನ್ನ ಹೆಬ್ಬೆರಳಿನಷ್ಟು. ಯಾರೋ ಹಿಂದೆ ನಿಂತು, ನನ್ನ ಅಳತೆ ತಗೊಂಡೇ ಇಲ್ವಲ್ಲ ಅಂತಾರೆ. ತಿರುಗಿ ನೋಡಿದ್ರೆ ಯಾರೂ ಇರಲ್ಲ. ಟೇಪು ಮಾತ್ರ ಗಾಳಿಯಲ್ಲಿ ನಿಂತಿರತ್ತೆ, ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಿಡಿದ ಹಾಗೆ.”

“ಎಷ್ಟಿತ್ತು ಅಳತೆ?” ಎಂದು ಕೇಳಿದಳು ಗುಬ್ಬಿ, ನಿಜವಾಗಿ ತಿಳಿಯಬೇಕೆಂಬಂತೆ.

“ಓದೋಕೆ ಹೋಗೋವಾಗ ಎಚ್ಚರ ಆಗತ್ತೆ.”

ಗುಬ್ಬಿ ಪಟ್ಟಿಯನ್ನು ಎತ್ತಿ ಕಿಟಕಿಗೆ ಹಿಡಿದಳು. ಒಂದೇ ಗೆರೆ. ಇನ್ನೂ ಸ್ವಲ್ಪ ಕಾದಳು. ಒಂದೇ.

“ಬಸುರಿಲ್ಲಮ್ಮ,” ಎಂದಳು. “ಆ ಚುಚ್ಚುಮದ್ದು ಹಾಗೆಯೇ. ಬಿಟ್ಟ ಮೇಲೂ ಮೈ ತನ್ನ ದಾರಿಗೆ ಬರೋಕೆ ಒಂದು ವರ್ಷ ಹಿಡಿದ್ರೂ ಹಿಡೀತು. ಒಂದೆರಡು ಸಲ ಮುಟ್ಟಾಗಿ ಮತ್ತೆ ನಿಲ್ಲೋದೂ ಉಂಟು. ಬಿಡೋ ಮುಂಚೆ ನನ್ನ ಹತ್ರ ಒಂದು ಮಾತು ಹೇಳಿದ್ರೆ ನಾನು ಹೇಳ್ತಿದ್ದೆ.”

ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ತನ್ನ ಹೊಟ್ಟೆಯ ಮೇಲಿನ ಕೈಯನ್ನು ಈಗಷ್ಟೇ ಕಂಡವಳಂತೆ ನೋಡಿ, ತೆಗೆದು ಮಡಿಲಲ್ಲಿಟ್ಟುಕೊಂಡಳು. “ಹಂಗಾದ್ರೆ ಇಷ್ಟು ದಿನ ಯಾರೂ ಇಲ್ಲದ ಮನೆಗೆ ಕಾವಲು ಕೂತಿದ್ದೆ,” ಎಂದಳು. ಆಮೇಲೆ ಅತ್ತಳು.

ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಳು ನಿಂತ ಮೇಲೆ ಗುಬ್ಬಿ ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

“ಈಗ ನನ್ನ ಪ್ರಶ್ನೆ. ಎಲ್ಲರಿಗೂ ಕೇಳ್ತೀನಿ, ನಿನಗೂ ಕೇಳ್ತೀನಿ. ಮುಂದಿನ ವರ್ಷದೊಳಗೆ ಮಗು ಬೇಕಾ, ಬೇಡ್ವಾ, ಇನ್ನೂ ಗೊತ್ತಿಲ್ವಾ?”

“ನಮ್ಮಂಥವರು ಬೇಕು ಅನ್ನಬಹುದಾ?”

“ಅನ್ನಬಹುದಾ ಅಂತ ನಾನು ಕೇಳಲಿಲ್ಲ. ಬೇಕಾ ಅಂತ ಕೇಳಿದೆ.”

ಹೊಲಿಗೆಯವಳು ಪರದೆಯ ಕಡೆ ನೋಡಿದಳು. ಅದರ ಮೇಲೆ ದೊಡ್ಡ ಸಿಸ್ಟರ್ ನೆರಳು ಅಲುಗಾಡದೆ ನಿಂತಿತ್ತು. “ಬೇಕು,” ಎಂದಳು. ಅಭ್ಯಾಸವಿಲ್ಲದ ಪದವನ್ನು ನಾಲಿಗೆಯ ಮೇಲೆ ಇಟ್ಟುಕೊಂಡವಳಂತೆ ಇನ್ನೊಮ್ಮೆ, “ಬೇಕು ಸಿಸ್ಟರ್.”

ಗುಬ್ಬಿ ನನ್ನ ಕಡೆ ತಿರುಗಿದಳು. “ಕಾರ್ಡಮ್ಮ, ಬರ್ಕೊಳ್ಳಿ.”

ನಾನು ಬಿಳಿ ಕಾರ್ಡು ತೆಗೆದೆ. ಲೂಪು, ಗುಳಿಗೆ, ಚುಚ್ಚುಮದ್ದು, ಆಪರೇಷನ್ನು, ಕಾಂಡೋಮ್. ಕಾರ್ಡಿನ ತುಂಬ ಬೇಡ ಎನ್ನುವ ದಾರಿಗಳೇ. ಬೇಕು ಎನ್ನಲು ಅದರಲ್ಲಿ ಒಂದು ಅಂಗುಲ ಜಾಗವಿರಲಿಲ್ಲ. ಹದಿನೈದು ವರ್ಷ ಬರೆದರೂ ಅದು ನನಗೆ ಕಂಡಿರಲಿಲ್ಲ. ಬಿಳಿಯದನ್ನು ಕೆಳಗಿಟ್ಟೆ. ಅವಳ ಹಸಿರು ಕಾರ್ಡನ್ನೇ ತೆರೆದು, ಮಾತ್ರೆಯ ಕಾಲಂ ಪಕ್ಕದ ಖಾಲಿ ಅಂಚಿನಲ್ಲಿ ಸ್ಕೇಲಿಟ್ಟು ಒಂದು ಗೆರೆ ಎಳೆದೆ. ಸ್ಕೇಲು ಜಾರಿ ಗೆರೆ ಕೆಳಗೆ ಓರೆಯಾಯಿತು. ಅವಳ ಸ್ವಂತ ಹೆಸರಿನ ಕೆಳಗೆ ಬರೆದೆ: ಮಗು, ಬೇಕು.

ಆಗ ದೊಡ್ಡ ಸಿಸ್ಟರ್ ಪರದೆ ಸರಿಸಿ ಒಳಗೆ ಬಂದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಒಂದು ಮಾತ್ರೆ.

“ಇವತ್ತಿನದು ಇಲ್ಲೇ, ನನ್ನ ಮುಂದೆ ನುಂಗು,” ಎಂದರು. ದನಿ ಒರಟಾಗಿಯೇ ಇತ್ತು, ಕಣ್ಣು ಒರಟಾಗಿರಲಿಲ್ಲ. “ಕೇಳು. ನೀನು ತಗೊಳ್ಳೋ ಈ ಮಾತ್ರೇನ ಬಸುರಿಯಾದ್ರೂ ಬಿಡೋ ಹಾಗಿಲ್ಲ. ಮಗುನ ಕಾಯೋದೇ ಇದು. ಇದನ್ನ ಬಿಟ್ರೆ ಬಾಗಿಲು ತೆರೆದಿಟ್ಟ ಹಾಗೆ. ಎರಡು ತಿಂಗಳು ಸರಿಯಾಗಿ ತಗೋ. ಆಮೇಲೆ ರಕ್ತ ನೋಡ್ತೀನಿ. ವೈರಸ್ಸು ಯಂತ್ರಕ್ಕೂ ಕಾಣದಷ್ಟು ಆಗಿರಬೇಕು. ಮೊದಲು ಆಗಿತ್ತು, ಮತ್ತೆ ಆಗತ್ತೆ. ಅಲ್ಲಿವರೆಗೆ ಕಾಂಡೋಮ್ ಇರಲಿ, ನಿನ್ನ ಗಂಡನ್ನೂ ಒಂದು ಸಲ ಪರೀಕ್ಷೆಗೆ ಕರ್ಕೊಂಡು ಬಾ. ಆಮೇಲೆ ಈ ಗುಬ್ಬಿ ಯಾವಾಗ ಅನ್ನತ್ತೋ ಆವಾಗ.”

ಅವಳು ಮಾತ್ರೆ ನುಂಗಿ ನೀರು ಕುಡಿದಳು.

“ಆರು ವರ್ಷ ಕಣೆ,” ಎಂದರು ದೊಡ್ಡ ಸಿಸ್ಟರ್, ಯಾರಿಗೆಂದು ಗೊತ್ತಾಗದ ಹಾಗೆ. “ಒಂದೊಂದು ಮಾತ್ರೆ ಎಣಿಸಿದೆ. ಇದೊಂದು ಮಾತು ಕೇಳಲಿಲ್ಲ.” ಖಾಲಿ ಲೋಟವನ್ನು ಅವಳ ಕೈಯಿಂದ ತಾವೇ ತೆಗೆದುಕೊಂಡರು.

ಎರಡು ತಿಂಗಳ ನಂತರದ ರಕ್ತದ ವರದಿಯಲ್ಲಿ ವೈರಸ್ಸು ಕಾಣಲಿಲ್ಲ. ಗಂಡ ತನ್ನ ಪರೀಕ್ಷೆಗೆ ಬಂದವನು, ಕಾಯುವ ಹೊತ್ತಿನಲ್ಲಿ ಸುಮ್ಮನೆ ಕೂರಲಾರದೆ, ಕಿರ್ ಎನ್ನುತ್ತಿದ್ದ ನಮ್ಮ ಫ್ಯಾನನ್ನು ಬಿಚ್ಚಿ ಸರಿಮಾಡಿದ. ಅವನ ರಕ್ತವೂ ಮೊದಲಿನಂತೆ ಶುದ್ಧವಾಗಿತ್ತು.

ಅಷ್ಟರಲ್ಲಿ ಎರಡನೇ ಕೋಣೆಯ ಚಾವಣಿ ರಿಪೇರಿಯಾಯಿತು. ಗುಬ್ಬಿಯ ಮೇಜನ್ನು ವಾಪಸು ಒಯ್ಯಲು ಆಳುಗಳು ಬಂದರು. ಓರೆ ಮಾಡಿದರು, ನೆಟ್ಟಗೆ ಮಾಡಿದರು. ದೊಡ್ಡ ಸಿಸ್ಟರ್ ಬಾಗಿಲಿಗೆ ಅಡ್ಡಲಾಗಿ ನಿಂತು, “ಹಿಡಿಸ್ತಾ ಇಲ್ಲ ಬಿಡ್ರಪ್ಪ,” ಎಂದರು.

“ಒಳಗೆ ಬಂದ ಮೇಜು ಹೊರಗೆ ಹೇಗಮ್ಮ ಹಿಡಿಸಲ್ಲ?”

“ಉಬ್ಬಿದೆ. ಮರ ಅಲ್ವಾ.”

ಆಳುಗಳು ಕಬ್ಬಿಣದ ಮೇಜನ್ನು ಒಮ್ಮೆ ನೋಡಿ, ಅವರ ಮುಖವನ್ನೂ ನೋಡಿ, ಹೊರಟುಹೋದರು. ಮೇಲಿನವರು ಕೇಳಿದಾಗ ನಾನೂ ಹಿಡಿಸುವುದಿಲ್ಲ ಎಂದೇ ಬರೆದು ಕಳಿಸಿದೆ. ಸುತ್ತು ಹಾಕುವವರು ಕಡಿಮೆಯಾಗುತ್ತ ಬಂದರು. ಕನ್ನಡಿ ಅಂಗಡಿಯವನು, ಈಚೆಗೆ ನಮ್ಮ ಕನ್ನಡಿ ಯಾರೂ ನೋಡಲ್ಲ ಎಂದು ಕೊರಗಿದನಂತೆ.

ಹೊಲಿಗೆಯವಳು ಮುಂದಿನ ವರ್ಷದೊಳಗೆ ಬಸುರಿಯಾಗಲಿಲ್ಲ. ಮೈ ತನ್ನ ದಾರಿಗೆ ಬರಲು ಹತ್ತು ತಿಂಗಳು, ಆಮೇಲೆ ಇನ್ನೂ ಐದು ತಿಂಗಳು ಹಿಡಿಯಿತು. ಪ್ರತಿ ತಿಂಗಳೂ ನಾನು ಎಳೆದ ಓರೆ ಗೆರೆಯ ಪಕ್ಕದಲ್ಲಿ ಗುಬ್ಬಿ ಒಂದು ಚುಕ್ಕೆ ಇಡುತ್ತಿದ್ದಳು. ಹದಿನಾರನೆಯ ಚುಕ್ಕೆ ಇಡುವ ದಿನ ಪಟ್ಟಿಯಲ್ಲಿ ಎರಡು ಗೆರೆ ಕಂಡವು. ದೊಡ್ಡ ಸಿಸ್ಟರ್ ಅದನ್ನು ಕಿಟಕಿಗೆ ಹಿಡಿದು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಆ ಒಂಬತ್ತು ತಿಂಗಳಲ್ಲಿ ಅವಳು ಒಂದು ಮಾತ್ರೆಯನ್ನೂ ಬಿಡಲಿಲ್ಲ. ಹೆಣ್ಣುಮಗು ಹುಟ್ಟಿತು. ಮಗುವಿಗೆ ಆರು ವಾರ ಔಷಧಿಯ ಹನಿ ಹಾಕಿದರು. ಮೊದಲ ಪರೀಕ್ಷೆಯಲ್ಲಿ ಸೋಂಕಿರಲಿಲ್ಲ. ಕೊನೆಯ ಪರೀಕ್ಷೆ ಒಂದೂವರೆ ವರ್ಷಕ್ಕೆ.

ಆ ಹೊತ್ತಿಗೆ ನನ್ನ ಕೆಲಸದ ಕೊನೆಯ ತಿಂಗಳು. ಬೆಳಗಿನ ಚೌಕಗಳು ನೆಲದ ಮೇಲೆ ಬಿದ್ದಿದ್ದವು. ಮುಂಬಾಗಿಲಿನ ಕಡೆಯಿಂದ ಒಂದು ಸದ್ದು ಬಂತು. ಗಿಲಿಗಿಲಿ, ಗಿಲಿಗಿಲಿ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಟ್ಟನೆ ಕತ್ತೆತ್ತಿದರು. ಆ ಸದ್ದು ಅವರಿಗೆ ಗೊತ್ತಿತ್ತು. ಇಬ್ಬರ ಕೈ ತಮ್ಮ ಚೀಲದ ಮೇಲೆ ಹೋಯಿತು.

ಹೊಲಿಗೆಯವಳು ಮಗಳನ್ನು ನಡೆಸಿಕೊಂಡು ಬರುತ್ತಿದ್ದಳು. ಮಗು ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ, ಬೇಕೆಂದೇ ಬಿಸಿಲನ್ನೇ ತುಳಿದುಕೊಂಡು, ತೂರಾಡುತ್ತ ಬಂತು. ಕೈಯಲ್ಲಿ ಬಿಳಿ ಡಬ್ಬಿ. ಚೀಟಿ ಕಿತ್ತಿತ್ತು. ಮುಚ್ಚಳ ಬಿಚ್ಚದ ಹಾಗೆ ಮೇಲೆ ಹೂಬಟ್ಟೆ ಸುತ್ತಿ, ಹತ್ತಿರ ಹತ್ತಿರ ಹೊಲಿಗೆ ಹಾಕಿತ್ತು. ಒಳಗೆ ಅಂಗಿಯ ಗುಂಡಿಗಳು. ಅಲ್ಲಾಡಿಸಿದಾಗಲೆಲ್ಲ ಗಿಲಿಗಿಲಿ.

ಹೊಲಿಗೆ ನೋಡಿದೆ. ಉದ್ದುದ್ದ, ಸೊಟ್ಟಸೊಟ್ಟ. “ಇದು ನಿನ್ನ ಕೈಯದ್ದಲ್ಲ,” ಎಂದೆ.

“ಅಲ್ಲ,” ಎಂದಳು ಅವಳು. ನಗು ಮೊದಲು ಬಂತು, ಮಾತು ಆಮೇಲೆ. “ನಮ್ಮತ್ತೆ ಮಾಡಿದ್ದು. ನಿಮ್ಮ ತಟ್ಟೆಗೆ ಅಂತ ಬಚ್ಚಿಟ್ಟಿದ್ದ ಖಾಲಿ ಡಬ್ಬಿ ಎತ್ಕೊಂಡು, ಚೀಟಿ ನೀರಲ್ಲಿ ನೆನೆಸಿ ಕಿತ್ತು, ನನ್ನ ಗುಂಡಿ ಪೆಟ್ಟಿಗೆಗೆ ಕೈ ಹಾಕಿದ್ರು. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ ಕಾರ್ಡಮ್ಮ. ಅವರು ತಲೆ ಎತ್ತಲೇ ಇಲ್ಲ. ಹಲ್ಲಲ್ಲಿ ದಾರ ಕಡಿದು, ‘ಒಂಬತ್ತು ವರ್ಷ ಸದ್ದು ಮಾಡದ ಡಬ್ಬಿ. ಹೊಸ ಹತ್ತಿ ತುಂಬೋದು, ಹಳೇ ಹತ್ತಿ ತೆಗೆಯೋದು, ಅದನ್ನೂ ಕೇಳ್ಕೊಂಡೇ ಬಂದೆ. ಇನ್ನಾದ್ರೂ ಇದು ಸದ್ದು ಮಾಡ್ಲಿ’ ಅಂದ್ರು.”

“ಆಮೇಲೆ?”

“ಆಮೇಲೆ ಏನಿಲ್ಲ. ದಾರ ಮುಗೀತು, ಇನ್ನೊಂದು ಉಂಡೆ ಕೊಡು ಅಂದ್ರು.”

ಒಂಬತ್ತರ ಬಾಗಿಲಲ್ಲಿ ದೊಡ್ಡ ಸಿಸ್ಟರ್ ಮಗುವಿನ ವರದಿ ಹಿಡಿದು ನಿಂತಿದ್ದರು. ಅವರ ಹೆಗಲ ಹಿಂದೆ ಗುಬ್ಬಿ ತುದಿಗಾಲಲ್ಲಿ ಇಣುಕುತ್ತಿದ್ದಳು. ಗುಬ್ಬಿಯ ಬಾಯಿ ಆಗಲೇ ನಗುವಿನಲ್ಲಿ ಅರ್ಧ ತೆರೆದಿತ್ತು. ಅದನ್ನು ನೋಡಿಯೇ ನನಗೆ ತಿಳಿಯಿತು. ಹಸಿರು ಕಾರ್ಡು ತೆರೆದು, ಓರೆ ಗೆರೆಯ ಕೊನೆಯಲ್ಲಿ ಉಳಿದಿದ್ದ ಜಾಗದಲ್ಲಿ ಬರೆಯಲು ಪೆನ್ನು ತೆಗೆದೆ. ಮಗು ನನ್ನ ಮೇಜಿನ ಕಾಲು ಹಿಡಿದು ನಿಂತು ಡಬ್ಬಿಯನ್ನು ಜೋರಾಗಿ ಅಲ್ಲಾಡಿಸಿತು. ಸಾಲಿನಲ್ಲಿದ್ದ ಯಾರೂ ಸುಮ್ಮನಿರು ಎನ್ನಲಿಲ್ಲ.